ಯೋಸೆಫ್ ಯೋವಾಖಿಮ್

ಯೋಸೆಫ್ ಯೋವಾಖಿಮ್ (೨೮ ಜೂನ್ ೧೮೩೧ – ೧೫ ಆಗಸ್ಟ್ ೧೯೦೭) ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪ್ರಮುಖ ಪಿಟೀಲುವಾದಕರು, ಸಂಗೀತ ರಚನಕಾರರು ಹಾಗೂ ಬೋಧಕರು. ಬೀಥೋವನ್‌ರ ಪಿಟೀಲು ಕಾನ್ಚೆರ್ಟೊ ಮರೆವಿನಿಂದ ಹೊರಬಂದು ಪ್ರಸಿದ್ಧವಾದುದರಲ್ಲಿ ಇವರ ಪಾತ್ರ ದೊಡ್ಡದು.

ಬಾಲ್ಯ

ಅಂದಿನ ಹಂಗೇರಿ ರಾಜ್ಯಕ್ಕೆ ಸೇರಿದ್ದ, ಇಂದು ಆಸ್ಟ್ರಿಯಾದಲ್ಲಿರುವ ಕಿಟ್ಸೀ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಜನಿಸಿದರು. ಪೆಸ್ಟ್ ನಗರದಲ್ಲಿ ಬೆಳೆದು, ವಿಯೆನ್ನಾದಲ್ಲಿ ಯೋಸೆಫ್ ಬೋಮ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ೧೮೪೩ರಲ್ಲಿ ಲೈಪ್‌ಜಿಗ್‌ಗೆ ಬಂದಾಗ ರಚನಕಾರ ಫೆಲಿಕ್ಸ್ ಮೆಂಡಲ್‌ಸನ್ ಈ ಬಾಲಕನ ಹೊಣೆ ಹೊತ್ತರು.

ಲಂಡನ್ ಕಚೇರಿ

೨೭ ಮೇ ೧೮೪೪ರಂದು ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿಯ ಕಚೇರಿಯಲ್ಲಿ ಯೋವಾಖಿಮ್ ಬೀಥೋವನ್‌ರ ಕಾನ್ಚೆರ್ಟೊವನ್ನು ನುಡಿಸಿದರು. ಆಗ ಅವರಿಗೆ ಹನ್ನೆರಡು ವರ್ಷ. ಬಾಲಪ್ರತಿಭೆಗಳಿಗೆ ಅವಕಾಶ ಕೊಡದಿರುವುದು ಸೊಸೈಟಿಯ ನಿಯಮವಾಗಿದ್ದರೂ ಇವರಿಗಾಗಿ ಅದನ್ನು ಸಡಿಲಿಸಲಾಯಿತು. ವಾದ್ಯವೃಂದವನ್ನು ನಿರ್ದೇಶಿಸಿದವರು ಮೆಂಡಲ್‌ಸನ್.

ಕೃತಿಯ ಆಯ್ಕೆ ಸುಲಭದ್ದಾಗಿರಲಿಲ್ಲ. ೧೮೦೬ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಲಾದ ಈ ಕಾನ್ಚೆರ್ಟೊ ಅನಂತರದ ದಶಕಗಳಲ್ಲಿ ಅಪರೂಪಕ್ಕೆ ಮಾತ್ರ ಕೇಳಿಬರುತ್ತಿತ್ತು. ವಾದಕನ ಕೈಚಳಕದ ಪ್ರದರ್ಶನಕ್ಕೆ ಜನ ಮುಗಿಬೀಳುತ್ತಿದ್ದ ಕಾಲದಲ್ಲಿ, ವಾದ್ಯವೃಂದ ಸುಮಾರು ಮೂರು ನಿಮಿಷ ನುಡಿಸಿ ಮುಗಿಸುವವರೆಗೆ ಪಿಟೀಲುವಾದಕ ಸುಮ್ಮನೆ ಕಾಯಬೇಕಾದ ಕೃತಿಯಿದು. ಬಾಲಕನಿಗೆ ದೊರೆತ ಭಾರೀ ಮನ್ನಣೆಯಿಂದ ಕೃತಿಯ ಅದೃಷ್ಟವೂ ಬದಲಾಯಿತು. ಯೋವಾಖಿಮ್ ಇದನ್ನು ಜೀವನಪರ್ಯಂತ ನುಡಿಸಿದರು.

ಬ್ರಾಮ್ಸ್‌ರೊಡನೆ ಸ್ನೇಹ

ವೈಮಾರ್‌ನಲ್ಲಿ ಲಿಸ್ಟ್‌ರ ಬಳಿ ಕೆಲಕಾಲವಿದ್ದು, ಬಳಿಕ ಹ್ಯಾನೋವರ್ ಆಸ್ಥಾನ ಸೇರಿದರು. ೧೮೫೩ರಲ್ಲಿ ಯೊಹಾನಸ್ ಬ್ರಾಮ್ಸ್‌ರ ಪರಿಚಯವಾಯಿತು. ಬ್ರಾಮ್ಸ್ ತಮ್ಮ ಪಿಟೀಲು ಕಾನ್ಚೆರ್ಟೊವನ್ನು ಯೋವಾಖಿಮ್ ಸಲಹೆ ಪಡೆದು ರಚಿಸಿ ಅವರಿಗೇ ಅರ್ಪಿಸಿದರು; ೧ ಜನವರಿ ೧೮೭೯ರಂದು ಲೈಪ್‌ಜಿಗ್‌ನಲ್ಲಿ ಅದನ್ನು ಮೊದಲು ನುಡಿಸಿದವರೂ ಯೋವಾಖಿಮ್. ಪತ್ನಿ, ಗಾಯಕಿ ಅಮಾಲಿಯೆಯ ಶೀಲವನ್ನು ಯೋವಾಖಿಮ್ ಶಂಕಿಸಿದಾಗ ಬ್ರಾಮ್ಸ್ ಆಕೆಯ ಪರವಾಗಿ ಪತ್ರ ಬರೆದರು. ಆ ಪತ್ರ ನ್ಯಾಯಾಲಯದ ಮುಂದೆ ಬಂದು ಸ್ನೇಹ ಮುರಿಯಿತು. ೧೮೮೭ರಲ್ಲಿ ಬ್ರಾಮ್ಸ್ ರಚಿಸಿದ, ಪಿಟೀಲು ಹಾಗೂ ಚೆಲ್ಲೊಗಳ ಜೋಡಿ ಕಾನ್ಚೆರ್ಟೊ ರಾಜಿಯ ಪ್ರಯತ್ನವಾಗಿತ್ತು.

ಶೂಮನ್‌ರ ಕಾನ್ಚೆರ್ಟೊ

ಬರ್ಲಿನ್ನಿನ ಸಂಗೀತ ಮಹಾವಿದ್ಯಾಲಯವನ್ನು ೧೮೬೯ರಿಂದ ಕಟ್ಟಿ ಬೆಳೆಸಿದ ಯೋವಾಖಿಮ್ ಅವರ ಅಭಿಪ್ರಾಯಕ್ಕೆ ಅಪಾರ ತೂಕವಿತ್ತು. ಅದರ ಇನ್ನೊಂದು ಮುಖವೂ ಉಂಟು. ರಾಬರ್ಟ್ ಶೂಮನ್ ೧೮೫೩ರಲ್ಲಿ ಇವರಿಗಾಗಿಯೇ ಬರೆದ ಪಿಟೀಲು ಕಾನ್ಚೆರ್ಟೊವನ್ನು, ಅದು ರಚನಕಾರರ ಮನಸ್ಸು ಕುಗ್ಗಿದ ಕಾಲದ ದುರ್ಬಲ ಕೃತಿಯೆಂದು ಭಾವಿಸಿ, ಸಾರ್ವಜನಿಕವಾಗಿ ಒಮ್ಮೆಯೂ ನುಡಿಸಲಿಲ್ಲ. ಕ್ಲಾರಾ ಶೂಮನ್ ಮತ್ತು ಬ್ರಾಮ್ಸ್ ಕೂಡ ಅದರ ಪ್ರಕಟಣೆಗೆ ಒಪ್ಪಲಿಲ್ಲ. ಯೋವಾಖಿಮ್ ತೀರಿಕೊಂಡ ಮೂವತ್ತು ವರ್ಷಗಳ ನಂತರ, ೧೯೩೭ರಲ್ಲಿ, ಅದು ಬರ್ಲಿನ್ನಿನಲ್ಲಿ ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ಕೇಳಿಬಂತು.