ಹೆರ್ಮನ್ ಮೊಗ್ಲಿಂಗ್ ಪಾದ್ರಿಗಳಿಗೆ ಕೊಡಗಿನಲ್ಲಿ ದೊರೆತ ಸಮಾಧಾನ

ನಮ್ಮ ಕೋಲಾರ ಸೀಮೆಯ ಬೆಟ್ಟಗಳು ಬಂಡೆಗಲ್ಲಿನ ಬೆಟ್ಟಗಳು. ಕ್ಯಾಲನೂರಿನ ಕಡೆ ರಾಗಿಯ ಹೊಲದಲ್ಲಿ ದುಡಿಯುವವನು ಮುಗಿಲನ್ನು ನೋಡುವುದು ಮಳೆ ಬಂದೀತೋ ಬಾರದೋ ಎಂಬ ಚಿಂತೆಯಿಂದ. ಕೊಡಗಿನವನಾದರೋ ಆಷಾಢದಲ್ಲಿ ಕಂಬಳಿ ಹೊದ್ದು ಮುಗಿಲನ್ನು ನೋಡುವುದು ಮಳೆ ಎಂದಿಗೆ ನಿಂತೀತು ಎಂದು. ಆ ಮಳೆಯ ನಾಡಿಗೆ 1853ನೆಯ ವರುಷದಲ್ಲಿ ಒಬ್ಬ ಜರ್ಮನ್ ಪಾದ್ರಿಯು ಮನಸ್ಸು ನೊಂದವನಾಗಿ ಹೋದನು. ತಾನು ಹದಿನಾರು ವರುಷ ದುಡಿದು ಕಟ್ಟಿದ್ದೆಲ್ಲವನ್ನು ಹಿಂದೆ ಬಿಟ್ಟು ಹೋದನು. ಅವರೇ ಹೆರ್ಮನ್ ಮೊಗ್ಲಿಂಗ್ ಪಾದ್ರಿಗಳು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದವರೆಂದು ಶಾಲೆಯ ಮಕ್ಕಳೂ ಇವರ ಹೆಸರನ್ನು ಬಲ್ಲರು. ಕೊಡಗಿನ ಕಥೆಯನ್ನು ಬಲ್ಲವರು ಕಡಿಮೆ. ನಾವು ಇಲ್ಲಿ ಮುಖ್ಯವಾಗಿ ಅದನ್ನೇ ಹೇಳಬೇಕೆಂದಿದ್ದೇವೆ.

ಇವರು 1811ನೆಯ ಇಸವಿ ಮೇ ತಿಂಗಳ 29ನೆಯ ತಾರೀಖಿನಲ್ಲಿ ಜರ್ಮನಿ ದೇಶದ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ಪಟ್ಟಣದಲ್ಲಿ ದೇವಶಾಸ್ತ್ರವನ್ನು ಓದಿದರು. ಮುಂದೆ ಮಲೆಯಾಳ ಭಾಷೆಗೆ ಬಹಳ ಉಪಕಾರ ಮಾಡಿದ ಗುಂಡರ್ಟ್ ಪಾದ್ರಿಗಳು ಅಲ್ಲಿಯೇ ಇವರಿಗೆ ಗೆಳೆಯರಾದರು. ಊರಲ್ಲಿಯೇ ಇದ್ದಿದ್ದರೆ ಒಳ್ಳೆಯ ಸಭೆಯೊಂದರ ಪಾಲನೆಯೂ ಮರ್ಯಾದೆಯೂ ಇಂಥ ವಿದ್ಯಾವಂತನಿಗೆ ತಾನಾಗಿ ಬರುತ್ತಿದ್ದವು. ಅದನ್ನು ಬಿಟ್ಟು ಬಾಸೆಲ್ ಮಿಶನಿಗೆ ಸೇರಿ, 1836ರ ಕೊನೆಯಲ್ಲಿ ಹಡಗಿನಿಂದ ಮಂಗಳೂರಿಗೆ ಬಂದಿಳಿದರು.

ಮಂಗಳೂರಿನಲ್ಲಿ ಅವರು ಮಾಡಿದ ಕೆಲಸಗಳನ್ನು ಬರೆಯುತ್ತ ಹೋದರೆ ಈ ಪುಟಗಳು ಸಾಲವು. ಆದರೂ ಕೆಲವನ್ನು ಹೇಳಲೇಬೇಕು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವು ಸ್ಥಾಪಿತವಾಯಿತು. 1843ನೆಯ ಜುಲೈ 1ರಂದು ಮಂಗಳೂರ ಸಮಾಚಾರವೆಂಬ ಪತ್ರಿಕೆಯು ಅದರಲ್ಲಿ ಅಚ್ಚಾಗಿ ಹೊರಬಂತು. ಹದಿನೈದು ದಿವಸಕ್ಕೊಂದಾವರ್ತಿ ಬರುತ್ತಿದ್ದ ನಾಲ್ಕು ಪುಟಗಳ ಕಾಗದ ಅದು. ಮರುವರುಷವೇ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರು ಪಡೆಯಿತು. ಉಪದೇಶಿಗಳಾಗತಕ್ಕ ಹುಡುಗರಿಗೆ ಕಲಿಸುವ ಶಾಲೆಯನ್ನು ಮೊಗ್ಲಿಂಗರು ನಡಿಸುತ್ತಿದ್ದರು. ಬಿಳಿಯ ದೊರೆಗಳು ದೂರದಲ್ಲಿ ಬಂಗಲೆ ಕಟ್ಟಿಕೊಂಡು ಇರುತ್ತಿದ್ದ ಆ ಕಾಲದಲ್ಲಿ ಇವರು ಆ ಹುಡುಗರ ಸಂಗಡ ಒಂದೇ ಮನೆಯಲ್ಲಿ ವಾಸಮಾಡಿ, ಅವರು ಉಣ್ಣುವದನ್ನೇ ಉಣ್ಣುತ್ತಿದ್ದರು. ಇದು ಅನೇಕರಿಗೆ ಆಶ್ಚರ್ಯವಾಗಿತ್ತು. ಕೆಲವರಿಗೆ ಸರಿಬೀಳಲೂ ಇಲ್ಲ.

1844ರ ಜನವರಿ ತಿಂಗಳಲ್ಲಿ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ಯುವಕನು ಇವರ ಬಳಿಯಲ್ಲಿ ಸುವಾರ್ತೆಯನ್ನು ಕೇಳಿ, ತನ್ನ ಇಬ್ಬರು ಸಂಗಡಿಗರೊಂದಿಗೆ ದೀಕ್ಷಾಸ್ನಾನ ಹೊಂದಿದನು. ಪಟ್ಟಣವೆಲ್ಲಾ ಕದಡಿತು. ಮೊಗ್ಲಿಂಗರು ಅವನನ್ನು ತಮ್ಮ ಮಗನಂತೆ ಎಣಿಸಿ ಯುರೋಪಿಗೆ ಕರಕೊಂಡು ಹೋಗಿ ಬಾಸೆಲಿನಲ್ಲಿ ಓದಿಸಿದರು. 1851ರಲ್ಲಿ ಅವನು ಪಾದ್ರಿಯ ಅಭಿಷೇಕ ಹೊಂದಿದನು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನೊಂದು ಕೆಲಸದ ವಿಷಯವಾಗಿ ನಮ್ಮ ಸಭೆಗಳಲ್ಲಿ ಕೆಲವರು ಹುಬ್ಬೇರಿಸುವದುಂಟು. 1848ರಿಂದ ಕೆಲವು ವರುಷ, ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ಸಹಾಯದಿಂದ, ಮೊಗ್ಲಿಂಗರು ಕನ್ನಡದ ಹಳೆಯ ಪುಸ್ತಕಗಳನ್ನು ಅಚ್ಚುಹಾಕಿಸಿದರು. ಜೈಮಿನಿ ಭಾರತ, ಬಸವ ಪುರಾಣ, ಹರಿದಾಸರ ಪದಗಳು ಹೀಗೆ ಓಲೆಗರಿಯಲ್ಲಿಯೂ ಜನರ ಬಾಯಲ್ಲಿಯೂ ಇದ್ದವುಗಳು ಕಾಗದಕ್ಕೆ ಬಂದವು. ಪಾದ್ರಿಗೆ ಇದೇಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ. ಒಂದು ಜನದ ಹೃದಯವನ್ನು ತಿಳಿಯದವನು ಆ ಜನಕ್ಕೆ ಏನನ್ನೂ ಹೇಳಲಾರನು. ಆ ಹೃದಯವು ಹಾಡಿನಲ್ಲಿಯೂ ಗಾದೆಯಲ್ಲಿಯೂ ಇರುತ್ತದಲ್ಲದೆ ಮತ್ತೆಲ್ಲಿ? ದಾಸರ ಪದಗಳಲ್ಲಿ ಲೋಕದ ನಶ್ವರತೆಯನ್ನು ಕುರಿತು ಇರುವ ಅಳಲನ್ನು ಕೇಳಿ ಅವರು ಅವುಗಳನ್ನು ನಿಜವಾಗಿ ಪ್ರೀತಿಸಿದರು. ಕಡೇ ವರೆಗೂ ಪ್ರೀತಿಸಿದರೆಂಬದು ಮುಂದೆ ಕಾಣುವದು.

ಹೀಗೆ ಇಷ್ಟೆಲ್ಲಾ ನಡೆದಿರುವಾಗ, ಸಂಗಡಿಗರಾದ ಮಿಶನರಿಗಳಿಗೂ ಇವರಿಗೂ ಭೇದ ಹುಟ್ಟಿತು. ದುಡಿಯುವವರ ನಡುವೆ ಇಂಥದು ಹುಟ್ಟದಿರುವದು ಅಪರೂಪ. ಪೌಲನೂ ಬಾರ್ನಬನೂ ಸಹ ತೀಕ್ಷ್ಣವಾದ ವಾಗ್ವಾದ ಮಾಡಿ ಅಗಲಿದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವಷ್ಟೆ. ತಪ್ಪು ಯಾರದೆಂದು ಇಷ್ಟು ಕಾಲದ ಮೇಲೆ ತೂಗುವದಕ್ಕೆ ನಾವು ತಕ್ಕಡಿ ಹಿಡಿಯುವದಿಲ್ಲ. ಮೊಗ್ಲಿಂಗರು ಬಿಸಿ ರಕ್ತದ ಮನುಷ್ಯರು, ತಮಗೆ ಸರಿಯೆಂದು ಕಂಡದ್ದನ್ನು ಕೂಡಲೆ ಮಾಡುವವರು. ಸಂಘದ ಕಟ್ಟಳೆಯಾದರೋ ನಿಧಾನವಾಗಿ ನಡೆಯುವಂಥದು. ಅಂತೂ 1852ರಲ್ಲಿ, ನಾಲ್ವತ್ತು ದಾಟಿದ ವಯಸ್ಸಿನಲ್ಲಿ, ಅವರು ಮಂಗಳೂರನ್ನು ಬಿಟ್ಟುಬಿಡಬೇಕೆಂಬ ಸ್ಥಿತಿಗೆ ಬಂದರು. ಪತ್ರಿಕೆ, ಶಾಲೆ, ಮುದ್ರಣಾಲಯ, ಪ್ರೀತಿಯ ಹುಡುಗರು ಇವೆಲ್ಲಾ ಕೈಬಿಟ್ಟು ಹೋಗುವವುಗಳಾದವು.

ಎಲೀಯನೆಂಬ ಪ್ರವಾದಿಯ ಕಥೆಯನ್ನು ವಾಚಕರು ಬಲ್ಲರು. ಅವನು ಕರ್ಮೆಲ್ ಬೆಟ್ಟದಲ್ಲಿ ದೊಡ್ಡ ಜಯ ಪಡೆದ ಮಾರನೆಯ ದಿನವೇ ಪ್ರಾಣಭಯದಿಂದ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕೂತು ಸಾವನ್ನು ಬೇಡಿದನು. ದೇವರು ಅವನನ್ನು ಗದರಿಸಲಿಲ್ಲ. ಮೊದಲು ನಿದ್ರೆ ಕೊಟ್ಟರು, ರೊಟ್ಟಿಯನ್ನೂ ನೀರನ್ನೂ ಕೊಟ್ಟರು, ಹೋರೇಬ್ ಬೆಟ್ಟಕ್ಕೆ ನಡಿಸಿದರು. ಆ ಬೆಟ್ಟದಲ್ಲಿ ಗಾಳಿ, ಭೂಕಂಪ, ಬೆಂಕಿ ಇವೆಲ್ಲಾ ದಾಟಿದ ಮೇಲೆ ಒಂದು ಮೆಲ್ಲನೆಯ ಸ್ವರದಿಂದ ಮಾತಾಡಿದರು. ಆ ಸ್ವರವು ಅವನನ್ನು ಬೆಟ್ಟದಲ್ಲಿಯೇ ಇರಿಸಲಿಲ್ಲ. ಮಾಡಬೇಕಾದ ಕೆಲಸ ಹೇಳಿ ಕೆಳಕ್ಕೆ ಕಳುಹಿಸಿತು. ಮೊಗ್ಲಿಂಗರ ಚರಿತ್ರೆಯನ್ನು ಓದಿದಾಗೆಲ್ಲಾ ನಮಗೆ ಈ ಕಥೆ ನೆನಪಾಗುತ್ತದೆ.

ಹೀಗಿರಲು ಕೊಡಗಿನಿಂದ ಒಬ್ಬ ಸನ್ಯಾಸಿಯು ಮಂಗಳೂರಿಗೆ ಬಂದನು. ಅವನು ಅಲಮಂಡ ಎಂಬ ಕೊಡವ ಮನೆತನದವನು, ಸೋಮಯ್ಯನೆಂದು ಹೆಸರು. ಹೆಂಡತಿ ಮಕ್ಕಳೂ ಭೂಮಿಕಾಣಿಯೂ ಉಳ್ಳವನಾಗಿದ್ದು, ಮನಸ್ಸಿಗೆ ನೆಮ್ಮದಿಯಿಲ್ಲದೆ ಕಾವಿ ತೊಟ್ಟು ಹೊರಟವನು. ಅವನು ಕ್ರಿಸ್ತನ ಮಾತನ್ನು ಕೇಳಿ, ತನ್ನ ನಾಡಿಗೆ ಬಂದು ಕಲಿಸಬೇಕೆಂದು ಬೇಡಿದನು. ಮಂಗಳೂರಿನ ಬಾಗಿಲು ಮುಚ್ಚಿದ ಹೊತ್ತಿಗೆ ಘಟ್ಟದ ಬಾಗಿಲು ಹೀಗೆ ತೆರೆಯಿತು. ಬಾಸೆಲಿನ ಹಿರಿಯರು ಆ ಕೆಲಸವನ್ನು ಕೂಡಲೆ ತಮ್ಮದಾಗಿ ಒಪ್ಪಿಕೊಳ್ಳಲಿಲ್ಲ. ಸಂಘದ ಬಲವಿಲ್ಲದೆಯೇ ಮೊಗ್ಲಿಂಗರು ಘಟ್ಟ ಹತ್ತಿದರು.

ಘಟ್ಟದ ಆ ದಾರಿಯನ್ನು ಕಂಡವರಿಗೆ ಗೊತ್ತು. ಕರಾವಳಿಯ ಬೆವರಿಳಿಸುವ ಸೆಕೆಯಿಂದ ಹೊರಟವನು ಮೇಲೇರಿದ ಹಾಗೆ ಗಾಳಿ ತಣ್ಣಗಾಗುತ್ತದೆ. ಬೆಳಗಿನ ಮಂಜು ಕಣಿವೆಯಲ್ಲಿ ಹಾಲು ಚೆಲ್ಲಿದಂತೆ ನಿಂತು, ಬಿಸಿಲೇರಿದ ಮೇಲೆ ಮೆಲ್ಲಗೆ ಕರಗಿ, ಬೆಟ್ಟದ ಮೇಲೆ ಬೆಟ್ಟವು ಕಾಣಿಸಿಕೊಳ್ಳುತ್ತದೆ. ಕೆಳಗೆ ಬತ್ತದ ಗದ್ದೆಗಳು, ಮೇಲೆ ಕಾಡು, ಕಾಡಿನೊಳಗೆ ಆನೆ. ತಲಕಾವೇರಿಯಲ್ಲಿ ಬೊಗಸೆಯಷ್ಟು ಕಾಣುವ ನೀರು ಕೆಳಗಣ ನಾಡುಗಳಿಗೆ ಅನ್ನವಾಗಿ ಹರಿಯುತ್ತದೆ. ದಾವೀದನ ಕೀರ್ತನೆಗಳನ್ನು ಮನೆಯೊಳಗೆ ಓದುವದು ಬೇರೆ, ಇಂಥ ಸ್ಥಳದಲ್ಲಿ ಓದುವದು ಬೇರೆ. ಆದರೆ ಬೆಟ್ಟದ ಸೊಬಗೇ ಮನುಷ್ಯನಿಗೆ ಸಮಾಧಾನ ಕೊಡುವದಾದರೆ ಕೊಡಗಿನವನಾದ ಸೋಮಯ್ಯನು ಕಾವಿ ತೊಟ್ಟು ನೆಮ್ಮದಿಯನ್ನು ಹುಡುಕುತ್ತ ಅಲೆಯಬೇಕಾಗಿರಲಿಲ್ಲ. ಬೆಟ್ಟವು ಮೊಗ್ಲಿಂಗರಿಗೆ ಉಸಿರಾಡುವಷ್ಟು ಬಿಡುವು ಕೊಟ್ಟಿತು. ಕೆಲಸವು ಬೇರೆ ಕಡೆಯಿಂದ ಬಂತು.

1853ರಲ್ಲಿ ಸೋಮಯ್ಯನಿಗೆ ದೀಕ್ಷಾಸ್ನಾನವಾಗಿ ಸ್ತೆಫನನೆಂದು ಹೆಸರಿಟ್ಟರು. ಅಖಾಯ ಸೀಮೆಯ ಪ್ರಥಮಫಲವೆಂದು ಪೌಲನು ಕೊರಿಂಥದವರಿಗೆ ಬರೆದದ್ದು ಸ್ತೆಫನನೆಂಬವನ ಮನೆಯವರನ್ನೇ ಕುರಿತು. ಆಗ ಕೊಡವರಲ್ಲಿ ಆಸ್ತಿಯು ಒಬ್ಬನದಲ್ಲ, ಒಕ್ಕದ್ದಾಗಿತ್ತು. ಐನ್‌ಮನೆಯೊಂದರಲ್ಲಿ ಅಣ್ಣತಮ್ಮಂದಿರೆಲ್ಲರೂ ಕೂಡಿ ಬಾಳುತ್ತಿದ್ದರು. ಒಬ್ಬನು ಮತ ಬಿಟ್ಟರೆ ಅವನ ಪಾಲೇನಾಗಬೇಕು? ಸಂಬಂಧಿಕರು ಬಲವಾಗಿ ವಿರೋಧಿಸಿದರು. ಮತ ಬದಲಿಸಿದ ಕಾರಣದಿಂದ ಯಾರೂ ಪಿತ್ರಾರ್ಜಿತವನ್ನು ಕಳಕೊಳ್ಳಬಾರದೆಂಬ ಕಾಯಿದೆಯು 1850ರಲ್ಲಿ ಆಗಿತ್ತು. ಆದರೆ ಕಾಯಿದೆಯು ಭೂಮಿಯನ್ನು ಉಳಿಸಬಲ್ಲದು, ನೆಂಟರ ಮುಖವನ್ನು ತಿರುಗಿಸಲಾರದು. ನಮ್ಮ ಹಳ್ಳಿಗಳಲ್ಲಿ ಮೊದಲನೆಯ ತಲೆಯಾಗಿ ಕ್ರೈಸ್ತರಾದವರ ಮನೆಗಳಲ್ಲಿ ಈ ಮಾತು ಯಾರಿಗೂ ವಿವರಿಸಬೇಕಾದದ್ದಲ್ಲ.

ಮೊಗ್ಲಿಂಗರು ದೊಡ್ಡ ಮನೆತನದ ಕೊಡವರು ಗುಂಪಾಗಿ ಬಂದಾರೆಂದು ನಿರೀಕ್ಷಿಸಿದ್ದರೆ ಅದು ನಡೆಯಲಿಲ್ಲ. ಬಂದವರು ಬೇರೆಯವರು. ಕೊಡಗಿನ ಗದ್ದೆಗಳಲ್ಲಿ ದುಡಿಯುತ್ತಿದ್ದ, ಅಂದಿನ ಬರಹಗಳಲ್ಲಿ ಹೊಲೆಯರೆಂದು ಕರೆಯಲ್ಪಟ್ಟ ಜೀತದ ಜನರು ಅವರು. ರಾಜರ ಕಾಲದಲ್ಲಿ ಇವರು ಭೂಮಿಯೊಂದಿಗೆ ಸೇರಿದ ಸೊತ್ತಾಗಿದ್ದರು. 1834ರಲ್ಲಿ ಕಂಪೆನಿಯವರು ಕೊಡಗನ್ನು ತೆಗೆದುಕೊಂಡರು. 1843ರ ಕಾಯಿದೆಯು ಕಂಪೆನಿಯ ಸೀಮೆಗಳಲ್ಲಿ ಗುಲಾಮತನಕ್ಕೆ ನ್ಯಾಯಾಲಯದ ಬಲವಿಲ್ಲವೆಂದು ಸಾರಿತು. ಆದರೂ ಗದ್ದೆಯ ಬದುವಿನ ವರೆಗೆ ಆ ಸುದ್ದಿ ಇಳಿದು ಬರಲು ಬಹು ಕಾಲ ಹಿಡಿಯಿತು. ಯಾಕಂದರೆ ಒಡೆಯನನ್ನು ಬಿಟ್ಟವನು ಎಲ್ಲಿ ಮಲಗಬೇಕು, ಏನು ತಿನ್ನಬೇಕು? ಗುಡಿಸಲೂ ಒಡೆಯನದು, ಗದ್ದೆಯೂ ಒಡೆಯನದು. ಸುವಾರ್ತೆಯನ್ನು ಕೇಳಬಂದ ಇಂಥವರಿಗೆ ಪುಸ್ತಕವನ್ನು ಮಾತ್ರ ಕೊಟ್ಟು ಕಳುಹಿಸಿದರೆ ಅವರು ಆ ಹೊತ್ತೇ ಹಿಂದಕ್ಕೆ ಹೋಗಬೇಕಾದದ್ದು ಅದೇ ಗುಡಿಸಲಿಗೆ.

ಆದದರಿಂದ ಮೊಗ್ಲಿಂಗರು ಸಿದ್ದಾಪುರದ ಕಡೆಯಲ್ಲಿ ಕಾಡುಭೂಮಿಯನ್ನು ಪಡೆದು, 1857ರಲ್ಲಿ ಅಲ್ಲಿ ಒಂದು ಊರನ್ನೇ ಕಟ್ಟಿದರು. ಅದೇ ಆನಂದಪುರ. ಆಗ ಕೊಡಗಿನಲ್ಲಿ ಕಾಫಿ ತೋಟವೆಂಬುದು ಹೊಸ ಸಂಗತಿ. ಮಡಿಕೇರಿಯ ಬಳಿಯಲ್ಲಿ ಯುರೋಪಿಯನರ ಮೊದಲ ತೋಟವೆದ್ದದ್ದು 1854ರಲ್ಲಿ. ಆನಂದಪುರದಲ್ಲಿಯೂ ಕಾಡು ಕಡಿದು ಕಾಫಿ ನೆಟ್ಟರು. ಊರಿನವರು ಕೈಯೊಡ್ಡದೆ ಸ್ವಂತ ದುಡಿಮೆಯಿಂದ ಬದುಕಬೇಕೆಂಬದು ಉದ್ದೇಶ. ಕಾಫಿಗಿಡವು ಫಲ ಕೊಡಲು ಮೂರು ನಾಲ್ಕು ವರುಷ ಬೇಕು. ಅಷ್ಟರ ವರೆಗೆ ಹೊಟ್ಟೆಗೆ ಬೇಕು, ಸೂರು ಬೇಕು, ಚಳಿಜ್ವರಕ್ಕೆ ಔಷಧ ಬೇಕು. ಪತ್ರಿಕೆ ಬರೆದ ಕೈ, ಪುರಾಣಗಳನ್ನು ತಿದ್ದಿ ಅಚ್ಚಿಗೆ ಕೊಟ್ಟ ಕೈ, ಈಗ ಗಿಡದ ಗುಂಡಿಗಳನ್ನೂ ಕೂಲಿಯ ಲೆಕ್ಕವನ್ನೂ ನೋಡುವದಾಯಿತು. ಇದನ್ನು ಇಳಿತವೆಂದು ಎಣಿಸುವವರು ಎಣಿಸಲಿ. ನಮ್ಮ ಎಣಿಕೆಯಲ್ಲಿ ಅವರ ಬಾಳಿನ ಎಲ್ಲಾ ಪುಸ್ತಕಗಳಿಗಿಂತ ಆ ಗುಂಡಿಗಳೇ ಹೆಚ್ಚಿನವು.

ಕೋಲಾರದ ಸಭೆಯವರಿಗೆ ಇದು ಕೇಳಿದ ಕಥೆಯಂತೆ ತೋರೀತು. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ ಆನಂದಪುರ ಹುಟ್ಟಿ ಇಪ್ಪತ್ತು ವರುಷಗಳಾದ ಮೇಲೆ, ಮಿಸ್ ಆನ್‌ಸ್ಟಿಯವರು ನಮ್ಮಲ್ಲಿ ತಬ್ಬಲಿ ಮಕ್ಕಳನ್ನು ಕೂಡಿಸಿ ಸಾಕಿದರಷ್ಟೆ. ಅವರು ಬೆಳೆದ ಮೇಲೆ ನಿಲ್ಲುವದಕ್ಕೆ ನೆಲ ಬೇಕಾಯಿತು, ಊರು ಬೇಕಾಯಿತು. ದೇವರ ವಾಕ್ಯವನ್ನು ಕೇಳಿದವನಿಗೆ ಕಾಲಿಡಲು ಒಂದು ಹಿಡಿ ಮಣ್ಣೂ ಬೇಕೆಂಬದನ್ನು ನಮ್ಮ ಹಿರಿಯರು ಕೊಡಗಿನವರಂತೆಯೇ ಬಲ್ಲರು.

ಕೊಡಗಿನಲ್ಲಿದ್ದ ಆ ವರುಷಗಳಲ್ಲಿ ಅವರ ಲೇಖಣಿಯು ಸುಮ್ಮನಿರಲಿಲ್ಲ. 1855ರಲ್ಲಿ ಕೊಡಗಿನ ದೇಶವನ್ನೂ ಅಲ್ಲಿನ ಸುವಾರ್ತೆಯ ಕೆಲಸವನ್ನೂ ಕುರಿತ ಇಂಗ್ಲಿಷ್ ಪುಸ್ತಕವು ಬಂತು. 1857ರಲ್ಲಿ ರಾಜೇಂದ್ರನಾಮೆ ಎಂಬ ಕೊಡಗು ಅರಸರ ಚರಿತ್ರೆಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿದರು. ಅವರ ಬಂಧುವೂ ಗೆಳೆಯರೂ ಆಗಿದ್ದು ಕನ್ನಡ ಸತ್ಯವೇದದ ಭಾಷಾಂತರವನ್ನು ತಿದ್ದುವ ಕೆಲಸದಲ್ಲಿ ದುಡಿದ ವೈಗ್ಲೆ ಪಾದ್ರಿಗಳು 1855ರಲ್ಲಿ ತೀರಿಹೋದರು. ಬಳಿಕ ಅವರ ವಿಧವೆ ಪೌಲೀನಮ್ಮನವರನ್ನು ಮೊಗ್ಲಿಂಗರು ಮದುವೆಯಾದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಕನ್ನಡಕ್ಕೆ ಮಾಡಿದ ಸೇವೆಗಾಗಿ ಇವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. ಕೊಡಗಿನ ಕೆಲಸವನ್ನು ಬಾಸೆಲಿನವರೂ ಕಡೆಗೆ ತಮ್ಮದಾಗಿ ಕೈಕೊಂಡರು. ಹಿಂದಿನ ಭೇದವು ಹೀಗೆ ಮಾಯಿತು.

ಎಲ್ಲವೂ ಕೂಡಿಬಂದ ಆ ಹೊತ್ತಿನಲ್ಲಿಯೇ ಹೆಂಡತಿಯ ಆರೋಗ್ಯ ಕೆಟ್ಟಿತು. 1860ರಲ್ಲಿ, ಆನಂದಪುರದ ಗಿಡಗಳು ಇನ್ನೂ ಎಳೆಯವಿರುವಾಗಲೇ, ಮೊಗ್ಲಿಂಗರು ಜರ್ಮನಿಗೆ ಹಿಂದಿರುಗಬೇಕಾಯಿತು. ತಿರುಗಿ ಈ ದೇಶವನ್ನು ಕಾಣಲಿಲ್ಲ. ಆನಂದಪುರದ ಹೊಣೆಯು ಕೌಂಡಿನ್ಯ ಪಾದ್ರಿಗಳ ಮೇಲೆ ಬಿತ್ತು. ಹದಿನಾರು ವರುಷಗಳ ಹಿಂದೆ ಮಂಗಳೂರನ್ನು ಕದಡಿದ ಆ ಬ್ರಾಹ್ಮಣ ಯುವಕನು, ತನ್ನ ಪೂರ್ವಿಕರು ನೆರಳನ್ನೂ ಸೋಕಗೊಡದ ಜನರ ನಡುವೆ ಮನೆಮಾಡಿ, ಅವರ ಮಕ್ಕಳಿಗೆ ಹೆಸರಿಟ್ಟು, ಅವರ ತೀರಿಹೋದವರನ್ನು ಮಣ್ಣುಮಾಡಿದನು. 1893ರಲ್ಲಿ ಕೌಂಡಿನ್ಯರು ಮರಣಹೊಂದಿದರು.

ಮೊಗ್ಲಿಂಗರು ಊರಿಗೆ ಹೋದ ಮೇಲೆ ಮಾಡಿದ ಒಂದು ಕೆಲಸವನ್ನು ಮಾತ್ರ ಹೇಳಿಬಿಡುತ್ತೇವೆ. ಹರಿದಾಸರ ಪದಗಳನ್ನು ಒಂದೊಂದಾಗಿ ಜರ್ಮನ್ ಭಾಷೆಗೆ ತಂದು, ಅಲ್ಲಿನ ವಿದ್ವಾಂಸರ ಪತ್ರಿಕೆಯಲ್ಲಿ 1860ರಿಂದ ಪ್ರಕಟಿಸಿದರು. 1866ರಲ್ಲಿ ಮತ್ತೊಬ್ಬರೊಂದಿಗೆ ಕೂಡಿ ಕೊಡಗು ನಾಡನ್ನೂ ಅಲ್ಲಿಯ ಮಿಶನನ್ನೂ ಕುರಿತು ಪುಸ್ತಕ ಬರೆದರು. ಅವರ ಜೀವಚರಿತ್ರೆಯನ್ನು ಬರೆದವರು ಯೌವನದ ಗೆಳೆಯರಾದ ಗುಂಡರ್ಟರೇ. ಅದು 1882ರಲ್ಲಿ ಅಚ್ಚಾಯಿತು. ಅದಕ್ಕೆ ಹಿಂದಿನ ವರುಷ, 1881ರ ಮೇ ತಿಂಗಳ 10ನೆಯ ತಾರೀಖಿನಲ್ಲಿ, ಎಸ್ಲಿಂಗೆನ್ ಎಂಬ ಪಟ್ಟಣದಲ್ಲಿ ಮೊಗ್ಲಿಂಗರು ತಮ್ಮ ಕರ್ತನ ಬಳಿಗೆ ಸೇರಿದರು. ಕೊಡಗಿನಲ್ಲಿ ಕಾಫಿಯ ಹೂ ಉದುರಿ ಕಾಯಿ ಕಟ್ಟಿ, ತೋಟದವರು ಮುಂಗಾರಿನ ಮೊದಲ ಗುಡುಗಿಗೆ ಕಿವಿಗೊಡುವ ತಿಂಗಳು ಅದು.