ಬಾಲಕಾರ್ಮಿಕರ ಬಂಧು ಲೂಯಿಸ್ ಹೈನ್

ಅನ್ಯಾಯವು ಜನರ ಕಣ್ಣಿಗೆ ಬೀಳದಿರುವವರೆಗೆ ಅದರ ಆಯುಷ್ಯವು ದೀರ್ಘವಾಗಿರುತ್ತದೆ. ಅದನ್ನು ಲೋಕದ ದೃಷ್ಟಿಗೆ ತಂದಿಟ್ಟವನು ಅರ್ಧ ಪರಿಹಾರವನ್ನು ಸಾಧಿಸಿದಂತೆಯೇ ಸರಿ. ಉಳಿದರ್ಧಕ್ಕೆ ಎಷ್ಟು ಕಾಲ ಕಾದಿರಬೇಕಾಗುವುದೆಂಬುದನ್ನು ಅಮೆರಿಕದ ಛಾಯಾಚಿತ್ರಗಾರ ಲೂಯಿಸ್ ಹೈನರ ಜೀವಿತವು ತಿಳಿಸುತ್ತದೆ.

ಹೈನರು ೧೮೭೪ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಆಷ್‌ಕಾಷ್ ಪಟ್ಟಣದಲ್ಲಿ ಜನಿಸಿದರು. ೧೮೯೨ರಲ್ಲಿ ತಂದೆಯು ಅಪಘಾತದಿಂದ ತೀರಿಕೊಳ್ಳಲು, ಸಂಸಾರದ ಭಾರವು ಎಳೆಯ ಹೆಗಲಿಗೆ ಬಿದ್ದಿತು. ಕಾರ್ಖಾನೆಯಲ್ಲಿ ಹಗಲೆಲ್ಲ ದುಡಿದು, ಕೂಲಿಯವನ ಕಷ್ಟವನ್ನು ಅವರು ಸ್ವಾನುಭವದಿಂದಲೇ ಅರಿತರು. ೧೯೦೧ರಲ್ಲಿ ನ್ಯೂಯಾರ್ಕಿಗೆ ಬಂದು ಉಪಾಧ್ಯಾಯರಾದರು. ಅಲ್ಲಿಯೇ ಕ್ಯಾಮರಾವನ್ನು ಕೈಗೆತ್ತಿಕೊಂಡು, ಎಲ್ಲಿಸ್ ದ್ವೀಪದಲ್ಲಿ ಬಂದಿಳಿಯುತ್ತಿದ್ದ ಬಡ ವಲಸೆಗಾರರ ಚಿತ್ರಗಳನ್ನು ತೆಗೆಯತೊಡಗಿದರು.

೧೯೦೦ರ ಜನಗಣತಿಯ ಪ್ರಕಾರ ಆ ಸಂಪದ್ಭರಿತ ದೇಶದಲ್ಲಿ ಹತ್ತರಿಂದ ಹದಿನೈದು ವರ್ಷ ವಯಸ್ಸಿನ ಸುಮಾರು ೧೭ ಲಕ್ಷ ೫೦ ಸಾವಿರ ಮಕ್ಕಳು ದುಡಿಯುತ್ತಿದ್ದರು. ಕೆರೋಲಿನಾದ ನೂಲಿನ ಗಿರಣಿಗಳಲ್ಲಿ ಪುಟ್ಟ ಬಾಲಿಕೆಯರು ಕದಿರುಗಳ ಮುಂದೆ ನಿಂತಿದ್ದರು. ಪೆನ್ಸಿಲ್ವೇನಿಯಾದ ಗಣಿಗಳಲ್ಲಿ ಬಾಲಕರು ಮಸಿಧೂಳಿನ ನಡುವೆ ಬಾಗಿ ಕುಳಿತು ಕಲ್ಲಿದ್ದಲಿನಿಂದ ಕಲ್ಲನ್ನು ಆರಿಸುತ್ತಿದ್ದರು. ೧೯೦೮ರಲ್ಲಿ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಯು ಹೈನರನ್ನು ಈ ದುಃಸ್ಥಿತಿಯ ಪರಿಶೋಧನೆಗೆ ನೇಮಿಸಿತು. ಮಾಲೀಕರು ಬಾಗಿಲು ಮುಚ್ಚಿದಾಗ ಅವರು ಧರ್ಮಗ್ರಂಥ ಮಾರುವವರಂತೆಯೂ ತಪಾಸಣೆಯ ಅಧಿಕಾರಿಯಂತೆಯೂ ವೇಷ ಧರಿಸಿ ಒಳಹೊಕ್ಕರು. ಮಗುವಿನ ಎತ್ತರವನ್ನು ತಮ್ಮ ಕೋಟಿನ ಗುಂಡಿಗಳಿಂದ ಅಳೆದು, ಹೆಸರು, ವಯಸ್ಸುಗಳನ್ನು ಜೇಬಿನೊಳಗೇ ಗುಟ್ಟಾಗಿ ಬರೆದುಕೊಂಡರು. ಹೀಗೆ ಸಂಗ್ರಹವಾದ ಐದು ಸಾವಿರಕ್ಕೂ ಮಿಕ್ಕಿದ ಚಿತ್ರಗಳು ಪತ್ರಿಕೆಗಳಲ್ಲಿಯೂ ಪ್ರದರ್ಶನಗಳಲ್ಲಿಯೂ ಸಾಕ್ಷಿ ನುಡಿದವು. ಹೆಸರು, ಸ್ಥಳಗಳ ಸಮೇತ ನಿಂತ ಈ ಸಾಕ್ಷ್ಯವನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ.

ಲೋಕಾಭಿಪ್ರಾಯವು ಎಚ್ಚೆತ್ತಿತು. ೧೯೧೨ರಲ್ಲಿ ಸರ್ಕಾರವು ಮಕ್ಕಳ ಇಲಾಖೆಯನ್ನು ಸ್ಥಾಪಿಸಿತು. ೧೯೧೬ರಲ್ಲಿ ಬಾಲಕಾರ್ಮಿಕ ಶಾಸನವೂ ಹೊರಟಿತು. ಆದರೆ ೧೯೧೮ರಲ್ಲಿ ಸುಪ್ರೀಂ ಕೋರ್ಟು, ಒಂದೇ ಮತದ ಅಂತರದಿಂದ, ಅದನ್ನು ರದ್ದುಪಡಿಸಿತು. ತೆರಿಗೆಯ ಮಾರ್ಗವಾಗಿ ತಂದ ಎರಡನೆಯ ಶಾಸನಕ್ಕೂ ೧೯೨೨ರಲ್ಲಿ ಅದೇ ಗತಿಯಾಯಿತು. ಕೊನೆಗೆ ನ್ಯಾಯಬದ್ಧ ಕಾರ್ಮಿಕ ಪ್ರಮಾಣಗಳ ಶಾಸನವು ೧೯೩೮ರಲ್ಲಿ ಜಾರಿಗೆ ಬರುವ ಹೊತ್ತಿಗೆ, ಹೈನರು ಚಿತ್ರಿಸಿದ ಮಕ್ಕಳು ನಡುವಯಸ್ಸಿನವರಾಗಿದ್ದರು.

ಆ ಹೊತ್ತಿಗೆ ಹೈನರಿಗೆ ಕೆಲಸವು ದೊರೆಯದಾಗಿತ್ತು. ಸ್ವಂತ ಮನೆಯನ್ನೂ ಕಳೆದುಕೊಂಡು, ೧೯೪೦ರಲ್ಲಿ ಬಡತನದಲ್ಲಿಯೇ ಅವರು ಗತಿಸಿದರು. ಅವರು ಸಮಿತಿಗಾಗಿ ತೆಗೆದ ಚಿತ್ರಗಳನ್ನು ಇಂದು ವಾಷಿಂಗ್ಟನ್ನಿನ ರಾಷ್ಟ್ರ ಗ್ರಂಥಾಲಯವು ಜೋಪಾನವಾಗಿ ಕಾಪಾಡುತ್ತಿದೆ.

ಚಿತ್ರವೊಂದು ತಾನೇ ಶಾಸನವನ್ನು ರಚಿಸಲಾರದು. ಅಧಿಕಾರದಲ್ಲಿರುವವನು ನನಗೆ ತಿಳಿಯದೆಂದು ಹೇಳಿ ಜಾರಿಕೊಳ್ಳದಂತೆ ಅದು ಮಾಡಬಲ್ಲದು. ಹೈನರು ಮಾಡಿದ್ದು ಅಷ್ಟೇ. ಆದರೆ ಅದು ಅಲ್ಪವಲ್ಲ. ಕಂಡ ಮೇಲೂ ಮೂವತ್ತು ವರ್ಷ ಸುಮ್ಮನಿದ್ದ ಸಮಾಜದ ಹೊಣೆಯನ್ನು ಅವರ ಮೇಲೆ ಹೊರಿಸಲಾಗದು. ಕಣ್ಣಿದ್ದೂ ಕಾಣದವರು ಯಾವ ನಾಡಿನಲ್ಲಿಯೂ ಇರುವರು. ಅಂತಹವರಿಗಾಗಿಯೇ ಹೈನರಂತಹವರು ಬೇಕಾಗಿರುವುದು.