ನೆಲದೊಳಗಿನ ನೀರನ್ನು ಅಳೆದ ಹೆನ್ರಿ ಡಾರ್ಸಿ

ನಮ್ಮ ಮನೆಯಿರುವುದು ಔರಾದ ತಾಲೂಕಿನ ಒಂದು ಚಿಕ್ಕ ಹಳ್ಳಿಯಲ್ಲಿ. ತಂದೆಯವರು ಹೊಲದಲ್ಲಿ ಕೊರೆಸಿದ ಎರಡು ಬೋರುಗಳೂ ಬತ್ತಿದವು. ಸಾಲ ಮಾತ್ರ ಉಳಿಯಿತು. ಭಾಲ್ಕಿಯಲ್ಲಿರುವ ಸೋದರಮಾವನವರ ಬಾವಿಯೂ ಬೇಸಿಗೆಯಲ್ಲಿ ತಳ ತೋರಿಸುತ್ತದೆ. ಮೂರನೆಯ ಬೋರಿನ ಮಾತು ಮನೆಯಲ್ಲಿ ನಡೆದಿದ್ದಾಗ, ನೆಲದೊಳಗೆ ನೀರು ಹೇಗೆ ಹರಿಯುತ್ತದೆಂದು ತಂದೆಯವರು ನನ್ನನ್ನು ಕೇಳಿದರು. ಭೂಗೋಳ ಓದುವವನಾದರೂ ನನಗೆ ಉತ್ತರ ತೋಚಲಿಲ್ಲ. ನಾಚಿಕೆಪಟ್ಟು ಗ್ರಂಥಾಲಯದಲ್ಲಿ ಹುಡುಕಿದಾಗ ಪರಿಚಯವಾದವನೇ ಫ್ರಾನ್ಸ್ ದೇಶದ ಹೆನ್ರಿ ಡಾರ್ಸಿ. ಆತನ ಜೀವನವನ್ನು ವಾಚಕಮಿತ್ರರ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

ಡಾರ್ಸಿಯು 1803ನೆಯ ಜೂನ್ 10ರಂದು ಡಿಜೋನ್ ನಗರದಲ್ಲಿ ಜನಿಸಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡನು. ತಾಯಿಯು ಸಾಲ ಮಾಡಿ ಮಗನಿಗೆ ಪಾಠ ಹೇಳಿಸಿದಳು. 1821ರಲ್ಲಿ ಪ್ಯಾರಿಸಿನ ಪ್ರಸಿದ್ಧ ಪಾಲಿಟೆಕ್ನಿಕ್ ವಿದ್ಯಾಲಯವನ್ನು ಸೇರಿ, ಮುಂದೆ ರಸ್ತೆ-ಸೇತುವೆಗಳ ವಿದ್ಯಾಲಯದಲ್ಲಿಯೂ ಓದಿ, ಸರಕಾರಿ ಇಂಜಿನಿಯರನಾಗಿ ತನ್ನ ಊರಿಗೇ ಮರಳಿದನು.

ಆ ಕಾಲದಲ್ಲಿ ಡಿಜೋನಿನ ಜನರಿಗೆ ಶುದ್ಧವಾದ ನೀರು ದುರ್ಲಭವಾಗಿತ್ತು. ಊರೊಳಗೆ ಆಳವಾಗಿ ಕೊರೆಸಿದ ಬಾವಿಯೂ ಸಾಲದೆ ಹೋಯಿತು. ಇದನ್ನು ಓದುವಾಗ ನನಗೆ ನಮ್ಮ ಹೊಲವೇ ಕಣ್ಣಮುಂದೆ ಬಂದಿತು. ದೂರದ ರೊಸ್ವಾರ್ ಚಿಲುಮೆಯಿಂದ ನೀರು ತರುವ ಯೋಜನೆಯನ್ನು ಡಾರ್ಸಿಯು 1834ರಲ್ಲಿ ಸಿದ್ಧಪಡಿಸಿದನು. ಹನ್ನೆರಡು ಕಿಲೋಮೀಟರಿಗೂ ಉದ್ದವಾದ ಮುಚ್ಚಿದ ಕಾಲುವೆಯಲ್ಲಿ, ಯಂತ್ರದ ನೆರವಿಲ್ಲದೆ ಕೇವಲ ಇಳಿಜಾರಿನ ಬಲದಿಂದ, 1840ನೆಯ ಸೆಪ್ಟೆಂಬರ್ 6ರಂದು ನೀರು ಊರನ್ನು ಮುಟ್ಟಿತು. ಕೆಲವೇ ವರ್ಷಗಳಲ್ಲಿ ಬೀದಿಬೀದಿಗಳಿಗೂ ಹಬ್ಬಿತು. ಈ ಸೇವೆಗೆ ಸಲ್ಲಬೇಕಾಗಿದ್ದ ದೊಡ್ಡ ಮೊತ್ತವನ್ನು ಆತನು ಮುಟ್ಟಲಿಲ್ಲ. ಸ್ವೀಕರಿಸಿದ್ದು ಒಂದು ಪದಕವನ್ನು ಮತ್ತು ತನ್ನ ಮನೆಗೆ ಉಚಿತ ನೀರನ್ನು ಮಾತ್ರ. ಸಾಲದಿಂದ ಓದಿದ ಬಾಲಕನು ಹೀಗೆ ಊರಿನ ಋಣ ತೀರಿಸಿದನು.

1848ರ ರಾಜಕೀಯ ಕ್ರಾಂತಿಯಲ್ಲಿ ಡಾರ್ಸಿಯು ಡಿಜೋನನ್ನು ಬಿಡಬೇಕಾಯಿತು. ಪ್ಯಾರಿಸ್ ನಗರದ ನೀರು ಮತ್ತು ರಸ್ತೆಗಳ ಹೊಣೆ ಹೊತ್ತನಾದರೂ ಆರೋಗ್ಯವು ಕೆಟ್ಟು, ಪುನಃ ಊರಿಗೆ ಬಂದನು. ವಿಶ್ರಾಂತಿ ಪಡೆಯಬೇಕಾದ ಆ ದಿನಗಳಲ್ಲಿಯೇ, 1855 ಮತ್ತು 1856ರಲ್ಲಿ, ನೆಟ್ಟಗೆ ನಿಲ್ಲಿಸಿದ ಒಂದು ಕಬ್ಬಿಣದ ಕೊಳವೆಯಲ್ಲಿ ಮರಳು ತುಂಬಿ, ನೀರು ಹಾಯಿಸಿ, ಪರೀಕ್ಷೆ ನಡೆಯಿಸಿದನು. ಮೇಲಿನ ಮತ್ತು ಕೆಳಗಿನ ನೀರಿನ ಮಟ್ಟಗಳ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚುತ್ತದೆ. ಮರಳಿನ ದಾರಿ ಉದ್ದವಾದಷ್ಟೂ ಕಡಿಮೆಯಾಗುತ್ತದೆ. ಇದೇ ಡಾರ್ಸಿಯ ನಿಯಮ. 1856ರಲ್ಲಿ ಡಿಜೋನಿನ ನೀರಿನ ವ್ಯವಸ್ಥೆಯನ್ನು ಕುರಿತ ಗ್ರಂಥದಲ್ಲಿ ಇದನ್ನು ಪ್ರಕಟಿಸಿ, 1858ರ ಜನವರಿಯಲ್ಲಿ ಕಾಲವಾದನು. ಊರಿನವರು ಒಂದು ಚೌಕಕ್ಕೆ ಆತನ ಹೆಸರನ್ನಿಟ್ಟರು.

ಇಷ್ಟು ಸರಳವಾದ ನಿಯಮದ ವ್ಯಾಪ್ತಿ ಎಷ್ಟೆಂಬುದನ್ನು ನಮ್ಮ ಕರಾವಳಿಯಲ್ಲಿ ಕಾಣಬಹುದು. ಅಲ್ಲಿ ನೆಲದೊಳಗಿನ ಸಿಹಿನೀರು ಹಗುರವಾದುದರಿಂದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಇರುತ್ತದೆಂದು 19ನೆಯ ಶತಮಾನದ ಕೊನೆಯಲ್ಲಿ ಗೈಬೆನ್, 1901ರಲ್ಲಿ ಹೆರ್ಜ್‌ಬರ್ಗ್ ತೋರಿಸಿಕೊಟ್ಟರು. ಆದ್ದರಿಂದ ಬಾವಿಗಳಿಂದ ಮಿತಿಮೀರಿ ಎತ್ತಿ ಮಟ್ಟವನ್ನು ಒಂದು ಅಡಿ ಇಳಿಸಿದರೆ, ಕಾಲಕ್ರಮದಲ್ಲಿ ಉಪ್ಪು ನಲವತ್ತು ಅಡಿ ಮೇಲೇರಬಹುದು. ಸುರತ್ಕಲ್ಲಿನ ತಾಂತ್ರಿಕ ಸಂಸ್ಥೆಯ ವಿದ್ವಾಂಸರು ದಕ್ಷಿಣ ಕನ್ನಡದ ಕರಾವಳಿಗೆ ಗಣಕಯಂತ್ರದಲ್ಲಿ ಮಾದರಿ ರಚಿಸಿ, ಉಪ್ಪುನೀರು ಎಲ್ಲಿಯವರೆಗೆ ಬಂದೀತೆಂದು ಲೆಕ್ಕ ಹಾಕಿದ್ದಾರೆ. ಆ ಮಾದರಿಗಳ ತಳಹದಿಯೂ ಡಾರ್ಸಿಯ ನಿಯಮವೇ.

ನಮ್ಮ ಬೀದರಕ್ಕೆ ಸಮುದ್ರದ ಭಯವಿಲ್ಲ, ಬರಿದಾಗುವ ಭಯವುಂಟು. ನಮ್ಮ ಕಪ್ಪುಕಲ್ಲಿನ ಬಿರುಕುಗಳಲ್ಲಿ ನೀರು ಮರಳಿನಲ್ಲಿದ್ದಂತೆ ಸಮನಾಗಿ ಹರಿಯುವುದೂ ಇಲ್ಲ. ಕಳೆದ ತಿಂಗಳು ಗೆಳೆಯರೊಡನೆ ನೌಬಾದಿನ ಸುರಂಗ ಬಾವಿಯನ್ನು ನೋಡಿಬಂದೆನು. ಬಹಮನಿ ಅರಸರ ಕಾಲದ ಆ ಕರೇಜು ತಾನಾಗಿ ಇಳಿದು ಬಂದ ನೀರನ್ನಷ್ಟೇ ಊರಿಗೆ ಕೊಡುತ್ತಿತ್ತು. ಕೆಳಗಿನದನ್ನು ಎಳೆಯುವ ಶಕ್ತಿ ಅದಕ್ಕಿರಲಿಲ್ಲ. ಆ ಶಕ್ತಿ ಇಂದು ನಮ್ಮ ಪಂಪುಗಳಿಗಿದೆ. ಅಳೆಯುವ ಅಭ್ಯಾಸ ಮಾತ್ರ ನಮಗಿಲ್ಲ.

ಊರಿಗೆ ಹೋಗಿ ತಂದೆಯವರಿಗೆ ಇದೆಲ್ಲವನ್ನೂ ಹೇಳಿದೆನು. ಒಂದು ವರ್ಷ ಹಳೆಯ ಬಾವಿಯ ಮಟ್ಟವನ್ನು ನೋಡಿ, ಆಮೇಲೆ ಬೋರಿನ ವಿಚಾರ ಮಾಡೋಣವೆಂದು ಬೇಡಿಕೊಂಡೆನು. ಅವರು ಒಪ್ಪಿದರೆಂದು ಹೇಳಲಾರೆ. ಆದರೆ ಸಾಲದ ಕಾಗದಕ್ಕೆ ಇನ್ನೂ ಸಹಿ ಮಾಡಿಲ್ಲ. ಪ್ರತಿ ತಿಂಗಳೂ ಗಂಟು ಹಾಕಿದ ಹಗ್ಗವನ್ನು ಬಾವಿಗೆ ಇಳಿಬಿಟ್ಟು, ಮಟ್ಟವನ್ನು ನನ್ನ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಹಳ್ಳಿಗಳಿಂದ ಬಂದ ಸಹಪಾಠಿಗಳು ತಮ್ಮ ಊರಿನ ಬಾವಿಗಳಲ್ಲಿಯೂ ಹೀಗೆ ಮಾಡಿದರೆ, ಆ ಮಹಾಪುರುಷನಿಗೆ ನಾವು ಸಲ್ಲಿಸಬಹುದಾದ ಗೌರವ ಅದಕ್ಕಿಂತ ಹೆಚ್ಚಿನದಿಲ್ಲ.